ಪೂರ್ತಿ ಕಪ್ಪಾದ ಕಾಯಿ ನನಗೆ ಬೇಡ

ಮಳೆ ಹಿಡಿಯಿತೆಂದರೆ, ಬೆಳೆ ರೋಗ ಪರೀಕ್ಷಿಸುವ ನನ್ನ ಮೇಜಿನ ಮೇಲೆ ಇದ್ದಿಲಿನಂತಾದ ಕೋಕೋ ಕಾಯಿಗಳು ಬಂದು ಕೂರುತ್ತವೆ. ತಂದವರು ಇಡೀ ತೋಟದಲ್ಲಿ ಅತಿ ಹೆಚ್ಚು ಕೆಟ್ಟದ್ದನ್ನೇ ಹುಡುಕಿ ತಂದಿರುತ್ತಾರೆ. ಅದರಿಂದ ನನಗೆ ಉಪಕಾರವಾಯಿತೆಂದು ಅವರ ನಂಬಿಕೆ. ಸತ್ತು ವಾರ ಕಳೆದ ಕಾಯಿಯಲ್ಲಿ ಆಮೇಲೆ ಬಂದು ನೆಲೆಸಿದ ಶಿಲೀಂಧ್ರಗಳೆಲ್ಲ ಸಿಗುತ್ತವೆ, ಕೊಂದದ್ದು ಸಿಗುವುದು ಅಪರೂಪ.

ನನಗೆ ಬೇಕಾದದ್ದು ಅಂಚು. ಕಂದು ಮಚ್ಚೆ ಮುಗಿದು ಹಸಿರು ಸಿಪ್ಪೆ ಆರಂಭವಾಗುವ ಗೆರೆ. ಕಪ್ಪು ಕಾಯಿ ಕೊಳೆ ತರುವ ಫೈಟಾಫ್ಥೋರಾ ಚುರುಕಾಗಿರುವುದು ಅಲ್ಲಿ. ತೊಟ್ಟು, ತುದಿ, ಪಕ್ಕ, ಎಲ್ಲಿಯಾದರೂ ಚುಕ್ಕೆಯಾಗಿ ಹುಟ್ಟುವ ಮಚ್ಚೆ ಚಾಕೊಲೇಟ್ ಬಣ್ಣಕ್ಕೆ ತಿರುಗಿ, ತೇವವಿದ್ದರೆ ಸುಮಾರು ಎರಡು ವಾರದಲ್ಲಿ ಇಡೀ ಕಾಯಿಯನ್ನು ನುಂಗುತ್ತದೆ. ಒತ್ತಿದರೆ ಗಟ್ಟಿಯಾಗಿಯೇ ಇರುತ್ತದೆ. ಮೇಲೆ ತೆಳುವಾದ ಬಿಳಿ ಪದರ ಮೂಡಬಹುದು. ಬೆರಳಿಗೆ ಮಸಿ ಅಂಟಿದರೆ ಅದು ಇದ್ದಿಲು ಕೊಳೆ ಎಂಬ ಬೇರೆ ರೋಗ. ಗಾಯವಾದ ಕಾಯಿಗೆ ಬರುವುದೇ ಹೆಚ್ಚು, ಹಾಗಾಗಿ ಮೊದಲು ಗಾಯ ಮಾಡಿದವರನ್ನು ಹುಡುಕಬೇಕು.

ಕಾಯಿ ನೋಡಿ ನಾನು ಹೇಳುವುದೂ ಅಂದಾಜೇ. ಸೂಕ್ಷ್ಮದರ್ಶಕದಡಿ ನಿಂಬೆಯಾಕಾರದ ಬೀಜಾಣುಚೀಲ ಕಾಣುವ ತನಕ ವರದಿಗೆ ಸಹಿ ಹಾಕುವುದಿಲ್ಲ. ಏಕೆಂದರೆ ಫೈಟಾಫ್ಥೋರಾ ನಿಜಾರ್ಥದ ಶಿಲೀಂಧ್ರವಲ್ಲ, ಓಮೈಸೀಟ್ ಎಂಬ ಬೇರೆಯೇ ಗುಂಪಿನದು, ಔಷಧಿಯೂ ಬೇರೆ. ಎಲ್ಲ ಕೊಳೆಗೂ ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕ ಹೊಡೆಯುವವರಿಗೆ ಅದು ಇದರ ಮೇಲೆ ನಾಟುವುದಿಲ್ಲವೆಂದು ಹೇಳಿ ಹೇಳಿ ಸಾಕಾಗಿದೆ. ಬೋರ್ಡೋ ದ್ರಾವಣದ ಕಥೆ ಬೇರೆ, ಅದರಲ್ಲಿರುವ ತಾಮ್ರ ಇದರ ಮೇಲೂ ನಾಟುತ್ತದೆ.

ಇನ್ನು ಕೆಲವರು ರೋಗವೇ ಇಲ್ಲದ ಹೀಚುಗಳನ್ನು ತರುತ್ತಾರೆ. ಮರ ತಾನು ಸಾಕಲಾರದ ಹೀಚನ್ನು ಕೈಬಿಡುತ್ತದೆ: ಹಳದಿಯಾಗಿ, ಸುಕ್ಕುಗಟ್ಟಿ, ಕಪ್ಪಾಗಿ, ಉದುರದೆ ಅಲ್ಲೇ ಅಂಟಿಕೊಂಡಿರುತ್ತದೆ. ಒಬ್ಬ ಹಿರಿಯರು ಇದಕ್ಕೇ ಮೂರು ಸಲ ಔಷಧಿ ಹೊಡೆಸಿದ್ದರು. ನಾಲ್ಕನೆಯದಕ್ಕೆ ಮುನ್ನ ನನ್ನ ಬಳಿ ಬಂದದ್ದು ಪುಣ್ಯ, ಆದರೆ ತಂದದ್ದು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು. ಒಳಗೆಲ್ಲ ಬೆವರು, ಬೂಷ್ಟು. ಇನ್ನು ಮುಂದೆ ಪತ್ರಿಕೆಯಲ್ಲಿ ಸುತ್ತಿ, ಅರ್ಧ ಹಸಿರಿರುವ ಕಾಯಿ ತನ್ನಿ ಎಂದು ಸ್ವಲ್ಪ ಗಡುಸಾಗಿಯೇ ಹೇಳಿಬಿಟ್ಟೆ.

ಮುಂದಿನ ವಾರ ಅವರು ಮೂರು ಕಾಯಿ ತಂದರು, ಪತ್ರಿಕೆಯಲ್ಲೇ ಸುತ್ತಿ. ಎರಡರಲ್ಲಿ ಕೊಳೆ ಸ್ಪಷ್ಟವಿತ್ತು. ಮೂರನೆಯದರ ಮೇಲೆ ತಗ್ಗಾದ ಸಣ್ಣ ಕಪ್ಪು ಚುಕ್ಕೆಗಳು. "ಇದು ರೋಗವಲ್ಲ, ಏನೋ ಚುಚ್ಚಿದೆ ಅನಿಸಿತು, ತೋರಿಸೋಣವೆಂದು ತಂದೆ," ಎಂದರು. ನಿಜ, ರಸ ಹೀರುವ ತಿಗಣೆ.