ಪದ ಪರಿಚಯ: ಸಮಾನಾಂತರ ವಿಲೀನ

ಅಮೆರಿಕದಲ್ಲಿ ಎರಡು ರೈಲು ಕಂಪನಿಗಳು ಒಂದಾಗಲಿವೆ ಎಂಬ ಸುದ್ದಿ ಬಂದರೆ ಸರಕು ಕಳಿಸುವವರು ಮೊದಲು ನಕ್ಷೆ ನೋಡುತ್ತಾರೆ. ಅಲ್ಲಿ ಗೂಡ್ಸ್ ರೈಲು ಓಡಿಸುವುದು ಖಾಸಗಿ ಕಂಪನಿಗಳು. ಬಹುಪಾಲು ಹಳಿಯೂ ಅವುಗಳದ್ದೇ. ಎರಡೂ ಕಂಪನಿಗಳ ಹಳಿ ಅವೇ ಊರುಗಳ ನಡುವೆ ಹೋಗುತ್ತಿದ್ದರೆ ಅದು ಸಮಾನಾಂತರ ವಿಲೀನ, ಅಂದರೆ ಪ್ಯಾರಲಲ್ ಮರ್ಜರ್. ಒಂದರ ಹಳಿ ಮುಗಿದಲ್ಲಿ ಇನ್ನೊಂದರದು ಶುರುವಾದರೆ ಎಂಡ್-ಟು-ಎಂಡ್ ಮರ್ಜರ್. ಮೊದಲನೆಯದರಲ್ಲಿ ಗಿರಾಕಿಯ ಚೌಕಾಸಿಯೇ ಮುಗಿಯಿತು: ಇವರ ದರ ದುಬಾರಿ ಎಂದು ಪಕ್ಕದವರ ಬಳಿ ಹೋಗುವಂತಿಲ್ಲ. ಎರಡನೆಯದರಲ್ಲಿ ನಡುದಾರಿಯ ಯಾರ್ಡಿನಲ್ಲಿ ವ್ಯಾಗನ್‌ಗಳು ಕೈ ಬದಲಾಗಲು ಕಾಯುವುದು ತಪ್ಪುತ್ತದೆ.

(ನಮ್ಮಲ್ಲಿ 1951ರ ಏಪ್ರಿಲ್ 14ರಂದು ಮದ್ರಾಸ್ ಅಂಡ್ ಸದರ್ನ್ ಮರಾಠಾ, ಸೌತ್ ಇಂಡಿಯನ್ ಮತ್ತು ಮೈಸೂರು ರೈಲ್ವೆಗಳನ್ನು ಸೇರಿಸಿ ದಕ್ಷಿಣ ರೈಲ್ವೆ ಮಾಡಿದಾಗ ಈ ತಕರಾರಿಗೆ ಜಾಗವಿರಲಿಲ್ಲ. ಮೂರೂ ಅಷ್ಟರಲ್ಲಿ ಸರ್ಕಾರದ ಕೈಗೆ ಬಂದಿದ್ದವು.)

ಸಮಾನಾಂತರ ವಿಲೀನದ ಹಳೆಯ ಉದಾಹರಣೆ ಗ್ರೇಟ್ ನಾರ್ದರ್ನ್ ಮತ್ತು ನಾರ್ದರ್ನ್ ಪೆಸಿಫಿಕ್. ಎರಡೂ ಮಿನ್ನೆಸೋಟದಿಂದ ಪೆಸಿಫಿಕ್ ಕರಾವಳಿಗೆ ಹೋಗುತ್ತಿದ್ದವು. 1901ರಲ್ಲಿ ಗ್ರೇಟ್ ನಾರ್ದರ್ನ್ ಮುಖ್ಯಸ್ಥ ಜೇಮ್ಸ್ ಹಿಲ್ ಮತ್ತು ಬ್ಯಾಂಕರ್ ಜೆ.ಪಿ. ಮಾರ್ಗನ್ ಇವೆರಡನ್ನೂ ಒಂದೇ ಹೋಲ್ಡಿಂಗ್ ಕಂಪನಿಯ, ಅಂದರೆ ಬೇರೆ ಕಂಪನಿಗಳ ಷೇರು ಹಿಡಿದುಕೊಳ್ಳಲೆಂದೇ ಇರುವ ಕಂಪನಿಯ, ಕೆಳಗೆ ತಂದರು. 1904ರಲ್ಲಿ ಸುಪ್ರೀಂ ಕೋರ್ಟ್ 5-4ರ ಬಹುಮತದಿಂದ ಅದನ್ನು ಒಡೆಯಿತು. ತಮಾಷೆಯೆಂದರೆ, 1970ರಲ್ಲಿ ಅವೇ ಕಂಪನಿಗಳು ಬರ್ಲಿಂಗ್ಟನ್ ನಾರ್ದರ್ನ್ ಹೆಸರಿನಲ್ಲಿ ಕಾನೂನುಬದ್ಧವಾಗಿಯೇ ಒಂದಾದವು. ಅಷ್ಟು ಹೊತ್ತಿಗೆ ಹೆದ್ದಾರಿಯ ಲಾರಿಗಳು ರೈಲಿನ ಸರಕನ್ನು ಕಿತ್ತುಕೊಂಡಿದ್ದವು. ಒಂದೇ ದಿಕ್ಕಿಗೆ ಎರಡೆರಡು ಹಳಿ ಸಾಕುವುದು ದಂಡ ಎಂಬ ವಾದಕ್ಕೆ ಬೆಲೆ ಬಂದಿತ್ತು.

ಆ ವಾದ ಎಷ್ಟು ದಾರಿ ತಪ್ಪಿಸಬಲ್ಲದು ಎನ್ನುವುದಕ್ಕೆ ಪೆನ್ ಸೆಂಟ್ರಲ್ ಸಾಕು. ಪೆನ್ಸಿಲ್ವೇನಿಯಾ ರೈಲ್‌ರೋಡ್ ಮತ್ತು ನ್ಯೂಯಾರ್ಕ್ ಸೆಂಟ್ರಲ್ ತಲೆಮಾರುಗಳ ಎದುರಾಳಿಗಳು. 1968ರ ಫೆಬ್ರವರಿಯಲ್ಲಿ ಕೂಡಿಕೊಂಡವು. ಕಂಪ್ಯೂಟರ್ ವ್ಯವಸ್ಥೆಗಳು ಹೊಂದಲಿಲ್ಲ, ಅಧಿಕಾರಿಗಳೂ ಹೊಂದಲಿಲ್ಲ; ವ್ಯಾಗನ್‌ಗಳು ಎಲ್ಲಿವೆ ಎಂದೇ ತಿಳಿಯದ ಸ್ಥಿತಿ ಬಂತು. 1970ರ ಜೂನ್‌ನಲ್ಲಿ ದಿವಾಳಿ. ಕಡೆಗೆ 1976ರಲ್ಲಿ ಸರ್ಕಾರವೇ ಕಾನ್‌ರೈಲ್ ಕಟ್ಟಿ ಈಶಾನ್ಯ ಭಾಗದ ಮುಳುಗಿದ ಕಂಪನಿಗಳ ಹಳಿಗಳನ್ನು ಎತ್ತಿಕೊಳ್ಳಬೇಕಾಯಿತು.

1980ರ ಸ್ಟ್ಯಾಗರ್ಸ್ ಕಾಯ್ದೆ ದರ ನಿಗದಿಯ ಹಿಡಿತ ಸಡಿಲಿಸಿದ ಮೇಲೆ ವಿಲೀನಗಳು ಸಾಲುಗಟ್ಟಿದವು. ಸಾಂಟಾ ಫೆ ಮತ್ತು ಸದರ್ನ್ ಪೆಸಿಫಿಕ್‌ಗಳು ತಮ್ಮ ವಿಲೀನಕ್ಕೆ ಒಪ್ಪಿಗೆ ಸಿಕ್ಕೇ ಸಿಗುತ್ತದೆಂದು ಎಂಜಿನ್‌ಗಳಿಗೆ ಹೊಸ ಬಣ್ಣವನ್ನೂ ಬಳಿದುಬಿಟ್ಟವು. ಕ್ಯಾಲಿಫೋರ್ನಿಯಾ ಕಡೆಯ ಹಳಿಗಳು ತೀರಾ ಸಮಾನಾಂತರವೆಂದು ನಿಯಂತ್ರಣ ಆಯೋಗ 1986ರಲ್ಲಿ ಬೇಡವೆಂದಿತು.

ಇಂಥ ವಿಲೀನಕ್ಕೆ ಒಂದು ಮದ್ದಿದೆ: ನಿಮ್ಮ ಹಳಿಯ ಮೇಲೆ ಎದುರಾಳಿಯ ರೈಲು ಓಡಲು ಬಿಡಿ ಎಂಬ ಷರತ್ತು. ಇದಕ್ಕೆ ಟ್ರ್ಯಾಕೇಜ್ ರೈಟ್ಸ್ ಎನ್ನುತ್ತಾರೆ. 1996ರಲ್ಲಿ ಯೂನಿಯನ್ ಪೆಸಿಫಿಕ್ ಸದರ್ನ್ ಪೆಸಿಫಿಕ್ಕನ್ನು ಕೊಂಡಾಗ ಎದುರಾಳಿ ಬಿಎನ್‌ಎಸ್‌ಎಫ್‌ಗೆ (ಬರ್ಲಿಂಗ್ಟನ್ ನಾರ್ದರ್ನ್ ಮತ್ತು ಸಾಂಟಾ ಫೆ ಸೇರಿ ಆದ ಕಂಪನಿ) ಸುಮಾರು 4,000 ಮೈಲಿಗಳಷ್ಟು ಇಂಥ ಹಕ್ಕು ಸಿಕ್ಕಿತು. ಕಾಗದದ ಮೇಲೆ ಸ್ಪರ್ಧೆ ಉಳಿಯಿತು. ಮರುವರ್ಷ ಹ್ಯೂಸ್ಟನ್ ಸುತ್ತ ತಿಂಗಳುಗಟ್ಟಲೆ ರೈಲುಗಳೇ ಕದಲಲಿಲ್ಲ.

ಹಾಗಾದರೆ ಎಂಡ್-ಟು-ಎಂಡ್ ನಿರಪಾಯವೇ? 2023ರಲ್ಲಿ ಕೆನೇಡಿಯನ್ ಪೆಸಿಫಿಕ್ ಮತ್ತು ಕಾನ್ಸಾಸ್ ಸಿಟಿ ಸದರ್ನ್ ಸೇರಿ ಕೆನಡಾದಿಂದ ಮೆಕ್ಸಿಕೋವರೆಗೆ ಒಂದೇ ಕಂಪನಿಯಾದಾಗ ಎರಡರ ಹಳಿ ಕೂಡುತ್ತಿದ್ದುದು ಕಾನ್ಸಾಸ್ ಸಿಟಿಯಲ್ಲಿ ಮಾತ್ರ. ಆದರೂ, ಕೂಡುವ ಊರಿನಲ್ಲಿ ಸರಕನ್ನು ಬೇರೆ ಕಂಪನಿಗೆ ವರ್ಗಾಯಿಸುವ ಆಯ್ಕೆಯನ್ನು ಹೊಸ ಒಡೆಯ ದುಬಾರಿ ಮಾಡಿದರೆ ಗಿರಾಕಿ ಅಲ್ಲೂ ಸಿಕ್ಕಿಬೀಳುತ್ತಾನೆ. 2025ರ ಜುಲೈನಲ್ಲಿ ಯೂನಿಯನ್ ಪೆಸಿಫಿಕ್ ಮತ್ತು ನಾರ್ಫೋಕ್ ಸದರ್ನ್ ಪ್ರಕಟಿಸಿದ ಒಪ್ಪಂದಕ್ಕೆ ಎದ್ದಿರುವ ಆಕ್ಷೇಪಗಳಲ್ಲಿ ಇದೂ ಒಂದು. ದೊಡ್ಡ ಕಂಪನಿಗಳ ವಿಲೀನ ಸ್ಪರ್ಧೆಯನ್ನು ಉಳಿಸಿದರೆ ಸಾಲದು, ಹೆಚ್ಚಿಸಬೇಕು ಎನ್ನುತ್ತದೆ ಅಮೆರಿಕದ ರೈಲು ನಿಯಂತ್ರಣ ಮಂಡಳಿಯ 2001ರ ನಿಯಮ. ಕಾನ್ಸಾಸ್ ಸಿಟಿ ಸದರ್ನ್‌ಗೆ ಅದರಿಂದ ವಿನಾಯಿತಿ ಇತ್ತು. ಈ ಜೋಡಿಗೆ ಇಲ್ಲ.