ಬಳೆ ಎಳೆದರೆ ಬಾಳೆ

ನಾಟಕ ತಂಡದವರು ಹಾಡು ಮಾಡಿಸಲು ಬರುವಾಗ ಕೈಯಲ್ಲಿ ಹಾಡಿನ ಸಾಲು ಇರುವುದಿಲ್ಲ, ಫೋನ್ ಇರುತ್ತದೆ. ಬೇರೆ ಭಾಷೆಯ ಯಾವುದೋ ಹಾಡು ಕೇಳಿಸಿ, ‘ಸಾರ್, ಟ್ಯೂನ್ ಹೀಗೇ ಇರಲಿ, ಕನ್ನಡ ಆಮೇಲೆ ಕೂರಿಸೋಣ’ ಅನ್ನುತ್ತಾರೆ. ಶೋಗೆ ಉಳಿದಿರುವುದು 10 ದಿನ. ಈ ಹುಡುಗರ ಮೇಲೆ ನನಗೆ ಪ್ರೀತಿಯೇ. ಆಫೀಸು ಮುಗಿಸಿ, ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ ತಾಲೀಮಿಗೆ ಬರುತ್ತಾರೆ. ಆದರೆ ಮೊದಲು ಮಾತು, ಆಮೇಲೆ ಟ್ಯೂನ್ ಅನ್ನುವ ಈ ಒಂದು ವಿಷಯ ಎಷ್ಟು ಸಲ ಹೇಳಿದರೂ ತಲೆಗೆ ಹೋಗುತ್ತಿಲ್ಲ.

ಹನುಮಂತನಗರದಲ್ಲಿ ಒಂದು ತಾಲೀಮು. ಮಗಳು ತಾಯಿಯ ಹತ್ತಿರ ಹಠ ಮಾಡುವ ದೃಶ್ಯ. ಸಾಲು, ‘ಬಳೆ ಬೇಕಮ್ಮ’. ತಂದ ಟ್ಯೂನಿನಲ್ಲಿ ಮೊದಲ ಸ್ವರವೇ 4 ಎಣಿಕೆ ಉದ್ದ. ಹುಡುಗಿ ಚೆನ್ನಾಗಿಯೇ ಹಾಡಿದಳು, ಶ್ರುತಿ ಎಲ್ಲೂ ತಪ್ಪಲಿಲ್ಲ. ಕಾಫಿ ತಂದ ಹುಡುಗ ಹಿಂದೆ ನಿಂತು ಕೇಳಿ, ‘ಬಾಳೆಹಣ್ಣು ಕೇಳ್ತಿದ್ದಾಳಾ ಸಾರ್?’ ಅಂದ.

ಅವನ ಕಿವಿ ಸರಿಯಾಗಿಯೇ ಇತ್ತು. ಬಳೆಗೆ 2 ಮಾತ್ರೆ, ಬಾಳೆಗೆ 3. ನಡು ಎಳೆದರೆ ನಾಡು, ಮರ ಎಳೆದರೆ ಮಾರ. ಒತ್ತಕ್ಷರವೂ ಹಾಗೇ. ಹಳ್ಳಿಯ ಒತ್ತು ತೇಲಿಸಿದರೆ ಹಳಿ.

ಆವತ್ತು ಟ್ಯೂನ್ ಪೂರ್ತಿ ಬದಲಿಸಲಿಲ್ಲ. ‘ಬಳೆ’ಯನ್ನು ಎರಡು ಗಿಡ್ಡ ಸ್ವರ ಮಾಡಿ, ತಾಳದ ಪೆಟ್ಟಿಗಿಂತ ಮೊದಲೇ ಎತ್ತಿಕೊಂಡೆವು. ಪೆಟ್ಟು ‘ಬೇ’ ಮೇಲೆ ಬಿತ್ತು. ‘ಬೇ’ ಹೇಗೂ ದೀರ್ಘ. 8 ಎಣಿಕೆ ಎಳೆದರೂ ಅದು ‘ಬೇಕು’ ಆಗಿಯೇ ಇರುತ್ತದೆ. ಹುಡುಗಿಯ ಹಠ ಇರುವುದೂ ಅಲ್ಲೇ ಅಲ್ವಾ?

ಸಂಗೀತ ಕಛೇರಿಗಳಲ್ಲಿ ಹ್ರಸ್ವ ಎಳೆಯುತ್ತಾರಲ್ಲ ಅಂತ ಕೇಳುತ್ತಾರೆ. ಹೌದು, ಎಳೆಯುತ್ತಾರೆ. ಅಲ್ಲಿ ಕೂತವರಲ್ಲಿ ಜಾಸ್ತಿ ಜನಕ್ಕೆ ಸಾಹಿತ್ಯ ಮೊದಲೇ ಗೊತ್ತು. ಕಂಪನಿ ನಾಟಕಗಳಲ್ಲಿ ‘ಒನ್ಸ್ ಮೋರ್’ ಕೂಗಿದರೆ ಹಾಡು ಮತ್ತೆ ಬರುತ್ತಿತ್ತು, ತಪ್ಪಿಹೋದ ಮಾತು ಎರಡನೇ ಸಲಕ್ಕೆ ಸಿಗುತ್ತಿತ್ತು. ಈಗ ರಂಗಶಂಕರದಲ್ಲೋ ಕಲಾಕ್ಷೇತ್ರದಲ್ಲೋ ಹೊಸ ಹಾಡು ಕೇಳುವವರಿಗೆ ಸಿಗುವುದು ಒಂದೇ ಸಲ. ರಂಗ ನಿರ್ದೇಶಕ ಬಿ.ವಿ. ಕಾರಂತರು ‘ಸತ್ತವರ ನೆರಳು’ ನಾಟಕಕ್ಕೆ ಪುರಂದರದಾಸರ ಪದಗಳನ್ನು ತೆಗೆದುಕೊಂಡಾಗ, ಮಾತು ನೂರಾರು ವರ್ಷ ಮೊದಲೇ ಅಲ್ಲಿತ್ತು. ಟ್ಯೂನ್ ಅದರ ಹಿಂದೆ ಬಂತು.

ಹಾಗಂತ ಹ್ರಸ್ವವನ್ನು ಎಲ್ಲೂ ಎಳೆಯಲೇಬಾರದು ಅಂತ ಹೇಳಲಾರೆ. ಸಾಲಿನ ಕೊನೆಯಲ್ಲಿ ಎಳೆದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಛಂದಸ್ಸಿನವರೂ ಅಲ್ಲಿ ಲಘುವನ್ನು ಗುರು ಅಂತ ಎಣಿಸಿಕೊಳ್ಳುತ್ತಾರೆ. ಕರೆಯುವಾಗ ನಾವೆಲ್ಲ ‘ಅಮ್ಮಾ’ ಅಂತ ಎಳೆಯುತ್ತೇವಲ್ಲ.

ಟ್ಯೂನ್ ತನ್ನಿ, ಬೇಡ ಅನ್ನುವುದಿಲ್ಲ. ಜೊತೆಗೆ ಸಾಲನ್ನೂ ತನ್ನಿ. ಹಾಡುವ ನಟರಿಂದಲೇ ಅದನ್ನು ಸುಮ್ನೆ ಮಾತಿನ ಹಾಗೆ ಎರಡು ಸಲ ಹೇಳಿಸಿ, ಅದೇ ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಿ. ಶೋಗೆ ಒಂದು ತಿಂಗಳು ಇರುವಾಗಲೇ.