ಹೀರೇಕಾಯಿಯ ಏಣು ಮತ್ತು ರಿಬ್‌ನ ಛೇದ ನೋಟ

ಒಂದು ಹೀರೇಕಾಯಿ ತೆಗೆದುಕೊಳ್ಳಿ. ಅದರ ಉದ್ದಕ್ಕೂ ಸಾಮಾನ್ಯವಾಗಿ ಹತ್ತು ಏಣುಗಳಿರುತ್ತವೆ. ಎದುರುಬದುರಿನ ಎರಡು ಏಣುಗಳ ನೆತ್ತಿಯ ಮೇಲೆಯೇ ಚಾಕು ಇಟ್ಟು ಉದ್ದಕ್ಕೆ ಸೀಳಿದರೆ, ಇಡೀ ಕಾಯಿಗೆ ದಪ್ಪ ತೊಗಟೆಯಿದೆ ಎಂಬಂತೆ ಕಾಣುತ್ತದೆ. ಚಾಕುವನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ಏಣುಗಳ ನಡುವಿನ ತಗ್ಗಿನಲ್ಲಿ ಸೀಳಿದರೆ ಅದೇ ಕಾಯಿಗೆ ತೆಳು ಸಿಪ್ಪೆ. ಹೀರೇಕಾಯಿಯನ್ನೇ ಕಾಣದ ಒಬ್ಬನಿಗೆ ಮೊದಲನೆಯ ಹೋಳನ್ನು ಮಾತ್ರ ತೋರಿಸಿದರೆ, ಅವನು ಅದನ್ನು ದಪ್ಪ ಸಿಪ್ಪೆಯ ಕಾಯಿ ಎಂದೇ ನಂಬುತ್ತಾನೆ.

ಯಂತ್ರಭಾಗಗಳ ನಕ್ಷೆಯಾದ ಮೆಷಿನ್ ಡ್ರಾಯಿಂಗ್‌ನಲ್ಲಿ, ರಿಬ್ (ಭಾಗಕ್ಕೆ ಬಲ ಕೊಡುವ ತೆಳು ಗೋಡೆ) ಇರುವ ಭಾಗದ ಛೇದ ನೋಟ (ಕತ್ತರಿಸಿ ಒಳಗನ್ನು ತೋರಿಸುವ ಚಿತ್ರ) ಬರೆಯುವಾಗ ನಾವು ತಪ್ಪುವುದು ಸರಿಯಾಗಿ ಇಲ್ಲಿಯೇ. ನಾನೂ ತಪ್ಪಿದ್ದೆ. ಸಾಫ್ಟ್‌ವೇರ್ ತಾನಾಗಿ ಕತ್ತರಿಸಿ, ತಾನಾಗಿ ಹ್ಯಾಚ್ ಗೆರೆ (ಕತ್ತರಿಸಿದ ಮೈಯನ್ನು ಸೂಚಿಸುವ ಓರೆ ಗೆರೆ) ತುಂಬಿ ಕೊಟ್ಟ ನೋಟವನ್ನು ಹಾಗೆಯೇ ಮುದ್ರಿಸಿ ಒಪ್ಪಿಸಿದ್ದೆ. ಹಾಳೆ ನೋಡಿದವರು ರಿಬ್‌ನ ಮೇಲೆ ಕೆಂಪು ಶಾಯಿಯಲ್ಲಿ ದೊಡ್ಡ ಗುಣಾಕಾರದ ಚಿಹ್ನೆ ಹಾಕಿ ವಾಪಸ್ಸು ಕೊಟ್ಟರು. ಕಂಪ್ಯೂಟರ್ ಹಾಕಿದ ಗೆರೆ ತಪ್ಪಾಗುವುದು ಹೇಗೆ ಎಂದು ವಾದಿಸುವಷ್ಟು ಧೈರ್ಯವೂ ಇತ್ತು. ಜ್ಯಾಮಿತಿಯ ಲೆಕ್ಕದಲ್ಲಿ ಆ ಗೆರೆ ಸರಿಯಾಗಿಯೇ ಇತ್ತು; ಡ್ರಾಯಿಂಗ್ ಎಂಬ ಭಾಷೆಯ ವ್ಯಾಕರಣದಲ್ಲಿ ತಪ್ಪಾಗಿತ್ತು.

ಆ ವ್ಯಾಕರಣ ಹೀಗಿದೆ. ಛೇದಕ ಸಮತಲವು (ಕತ್ತರಿಸುವ ಕಾಲ್ಪನಿಕ ಸಮತಲ) ರಿಬ್‌ನ ಉದ್ದಕ್ಕೆ, ಅಂದರೆ ಅದರ ಅಗಲವಾದ ಮುಖಕ್ಕೆ ಸಮಾನಾಂತರವಾಗಿ ಹಾದುಹೋದರೆ, ರಿಬ್ ಅನ್ನು ಕತ್ತರಿಸಲೇ ಇಲ್ಲ ಎಂಬಂತೆ ತೋರಿಸಬೇಕು, ಹ್ಯಾಚ್ ಹಾಕಬಾರದು. ಅಡ್ಡಕ್ಕೆ, ಅಂದರೆ ಅದರ ದಪ್ಪವನ್ನು ತುಂಡರಿಸುವಂತೆ ಹಾದುಹೋದರೆ ಹ್ಯಾಚ್ ಹಾಕಬೇಕು. ಭಾರತೀಯ ಮಾನಕ ಬ್ಯೂರೋದ ಎಸ್‌ಪಿ 46 ಕೈಪಿಡಿಯೂ ಅಂತರರಾಷ್ಟ್ರೀಯ ಐಎಸ್‌ಒ 128 ಮಾನಕಗಳೂ ಇದನ್ನೇ ಹೇಳುತ್ತವೆ. ಶಾಫ್ಟ್, ಬೋಲ್ಟ್, ನಟ್, ರಿವೆಟ್, ಕೀ, ಪಿನ್, ಚಕ್ರದ ಕಡ್ಡಿ ಇವೂ ಇದೇ ಪಂಕ್ತಿಯಲ್ಲಿ ಕೂರುತ್ತವೆ. ಆದರೆ ಬೋಲ್ಟು, ಶಾಫ್ಟುಗಳು ಬಿಡಿ ಭಾಗಗಳು. ರಿಬ್ ಹಾಗಲ್ಲ, ಅದು ಮೂಲ ವಸ್ತುವಿನೊಂದಿಗೆ ಒಂದೇ ಎರಕವಾಗಿ ಬೆಸೆದುಕೊಂಡಿರುತ್ತದೆ. ಸಾಫ್ಟ್‌ವೇರ್‌ಗೆ ತಲೆನೋವು ಶುರುವಾಗುವುದು ಅಲ್ಲಿಂದ. ಆ ಮಾತಿಗೆ ಆಮೇಲೆ ಬರುತ್ತೇನೆ.

ಒಂದು ಕೆ.ಜಿ. ಕಬ್ಬಿಣದ ಸುಳ್ಳು

ನಿಯಮವನ್ನು ಬಾಯಿಪಾಠ ಮಾಡುವುದಕ್ಕಿಂತ ಅದು ಏಕೆ ಬಂತು ಎಂದು ಲೆಕ್ಕ ಹಾಕಿ ನೋಡುವುದು ಮೇಲು. ಒಂದು ಸಾದಾ ಎಲ್ ಆಕಾರದ ಬ್ರ್ಯಾಕೆಟ್ ಇಟ್ಟುಕೊಳ್ಳೋಣ. ತಳದ ಪ್ಲೇಟ್ 120 ಮಿ.ಮೀ ಉದ್ದ, 60 ಅಗಲ, 12 ದಪ್ಪ. ಅದರ ಒಂದು ತುದಿಯಲ್ಲಿ ನಿಂತ ಪ್ಲೇಟ್, ಅದೂ 60 ಅಗಲ, 12 ದಪ್ಪ, ಒಟ್ಟು ಎತ್ತರ 100. ಇವೆರಡರ ಒಳಮೂಲೆಯಲ್ಲಿ, ಅಗಲದ ನಡುಮಧ್ಯಕ್ಕೆ, ತ್ರಿಕೋನಾಕಾರದ ಒಂದು ರಿಬ್: ತಳದ ಮೇಲೆ 80, ನಿಂತ ಪ್ಲೇಟಿನ ಮೇಲೆ 70, ದಪ್ಪ 10.

ಈಗ ನಡುಮಧ್ಯದಲ್ಲಿ ಉದ್ದಕ್ಕೆ ಕತ್ತರಿಸಿ. ಸಮತಲ ತಳವನ್ನೂ ನಿಂತ ಪ್ಲೇಟನ್ನೂ ರಿಬ್ಬನ್ನೂ ಸೀಳಿಕೊಂಡು ಹೋಗುತ್ತದೆ. ಮೂರಕ್ಕೂ ಹ್ಯಾಚ್ ಹಾಕಿದರೆ ಕಾಣುವುದು ಮೂಲೆ ತುಂಬಿದ ಒಂದು ಗಟ್ಟಿ ಬೆಣೆ. ಆ ನೋಟವೊಂದನ್ನೇ ನೋಡಿದವನು ಬೆಣೆ 60 ಮಿ.ಮೀ ಅಗಲಕ್ಕೂ ತುಂಬಿದೆ ಎಂದುಕೊಳ್ಳುವುದು ಸಹಜ. ನಿಜವಾದ ರಿಬ್‌ನ ಗಾತ್ರ 28,000 ಘನ ಮಿ.ಮೀ. ಅವನು ಊಹಿಸಿಕೊಂಡ ಬೆಣೆಯದು 1,68,000. ನಡುವಿನ ವ್ಯತ್ಯಾಸ 140 ಘನ ಸೆಂ.ಮೀ. ಬೀಡು ಕಬ್ಬಿಣದ ಸಾಂದ್ರತೆಯನ್ನು ಘನ ಸೆಂ.ಮೀ.ಗೆ 7.2 ಗ್ರಾಂ ಎಂದು ಹಿಡಿದರೆ ಸುಮಾರು ಒಂದು ಕೆ.ಜಿ. ನಾಲ್ಕಾರು ಹ್ಯಾಚ್ ಗೆರೆಗಳು ಅಂಗೈ ಅಗಲದ ಬ್ರ್ಯಾಕೆಟ್ಟಿಗೆ ಒಂದು ಕೆ.ಜಿ. ಕಬ್ಬಿಣ ಸೇರಿಸಿಬಿಟ್ಟವು. ಬೆಳಗಾವಿಯಂಥ ಫೌಂಡ್ರಿಗಳ ಊರಿನಲ್ಲಿ ಎರಕದ ಅಚ್ಚಿಗಾಗಿ ಮರದ ಪ್ಯಾಟರ್ನ್ ಕೆತ್ತುವವರು ಉಳಿದ ನೋಟಗಳನ್ನೂ ನೋಡಿಯೇ ಕೆಲಸ ಆರಂಭಿಸುತ್ತಾರೆ, ನಿಜ. ಆದರೂ ಒಳಗಿನದನ್ನು ಸ್ಪಷ್ಟಪಡಿಸಲೆಂದೇ ಬರೆಯುವ ನೋಟವು ಇನ್ನೊಂದು ನೋಟದ ನೆರವಿಲ್ಲದೆ ದಾರಿ ತಪ್ಪಿಸುವುದಾದರೆ ಅದನ್ನು ಬರೆದು ಏನು ಬಂತು?

ಸರಿಯಾದ ನೋಟದಲ್ಲಿ ತಳ ಮತ್ತು ನಿಂತ ಪ್ಲೇಟ್ ಸೇರಿದ ಎಲ್ ಆಕಾರಕ್ಕೆ ಮಾತ್ರ ಹ್ಯಾಚ್. ತ್ರಿಕೋನ ಖಾಲಿ. ಖಾಲಿ ಜಾಗ ನೋಡಿದ ಕೂಡಲೇ ಓದುಗನಿಗೆ ಇಲ್ಲಿ ತೆಳುವಾದದ್ದೊಂದು ನಿಂತಿದೆ ಎಂದು ತಿಳಿಯುತ್ತದೆ.

ಅದೇ ಬ್ರ್ಯಾಕೆಟ್ಟನ್ನು ತಳದಿಂದ ಸ್ವಲ್ಪ ಮೇಲೆ, ನೆಲಕ್ಕೆ ಸಮಾನಾಂತರವಾಗಿ ಕತ್ತರಿಸಿ ಮೇಲಿನಿಂದ ನೋಡಿ. ಈಗ ನಿಂತ ಪ್ಲೇಟಿನ 60 × 12ರ ಪಟ್ಟಿ, ಅದಕ್ಕೆ ಅಂಟಿಕೊಂಡು 10 ಮಿ.ಮೀ ದಪ್ಪದ ರಿಬ್‌ನ ಬಾಲ, ಒಟ್ಟು ಟಿ ಆಕಾರ. ಇಲ್ಲಿ ಬಾಲಕ್ಕೂ ಹ್ಯಾಚ್ ಹಾಕಲೇಬೇಕು. ನಿಜವಾದ ದಪ್ಪವೇ ಕಣ್ಣೆದುರು ಇರುವಾಗ ಬಚ್ಚಿಡುವುದಕ್ಕೆ ಏನೂ ಇಲ್ಲ. "ರಿಬ್‌ಗೆ ಹ್ಯಾಚ್ ಹಾಕಬಾರದು" ಎಂದಷ್ಟೇ ನೆನಪಿಟ್ಟುಕೊಂಡವರು ಈ ಪ್ರಶ್ನೆಯಲ್ಲಿ ಬೀಳುತ್ತಾರೆ. ಒಂದನ್ನೊಂದು ಹಾಯುವ ರಿಬ್‌ಗಳಿದ್ದರೂ ಇದೇ ವಿವೇಕ ಬೇಕು: ಸಮತಲದ ಉದ್ದಕ್ಕೆ ಮಲಗಿದ್ದು ಖಾಲಿ, ಅಡ್ಡ ಸಿಕ್ಕಿದ್ದಕ್ಕೆ ಹ್ಯಾಚ್.

ಗಡಿಗೆರೆಯನ್ನು ಎಲ್ಲಿ ಎಳೆಯಬೇಕು

ಹ್ಯಾಚ್ ಬಿಟ್ಟರೆ ಸಾಲದು. ಹ್ಯಾಚ್ ಎಲ್ಲಿ ನಿಲ್ಲಬೇಕೆಂದು ಹೇಳುವ ಗೆರೆಯೂ ಬೇಕು. ನನಗೆ ಉಪಯೋಗಕ್ಕೆ ಬಂದ ಉಪಾಯವೆಂದರೆ, ಛೇದಕ ಸಮತಲವು ರಿಬ್‌ಗೆ ಬಂದಾಗ ಮಾತ್ರ ಅದರ ಮುಂಭಾಗಕ್ಕೆ ಸರಿದು, ಅದನ್ನು ಮುಟ್ಟದೆ ಹೋಯಿತು ಎಂದು ಕಲ್ಪಿಸಿಕೊಳ್ಳುವುದು. ಆಗ ಕಾಣುವುದೇನು? ರಿಬ್‌ನ ಪೂರ್ತಿ ಮುಖ, ಮತ್ತು ಅದು ಪ್ಲೇಟುಗಳನ್ನು ಕೂಡುವ ಅಂಚು. ನಮ್ಮ ಬ್ರ್ಯಾಕೆಟ್ಟಿನಲ್ಲಿ ತಳದ ಮೇಲ್ಮೈಯ 80 ಮಿ.ಮೀ ಮತ್ತು ನಿಂತ ಪ್ಲೇಟಿನ ಒಳಮೈಯ 70 ಮಿ.ಮೀ, ಎರಡೂ ದಪ್ಪನೆಯ ಅಖಂಡ ಗೆರೆಗಳು. ಚುಕ್ಕಿಗೆರೆ ಅಲ್ಲ.

ದುಂಡನೆಯ ಹಬ್‌ಗೆ (ಚಕ್ರದಂಥ ಭಾಗದ ನಡುವಿನ ದಪ್ಪ ಭಾಗ) ರಿಬ್ ತಾಗಿದ್ದರೆ ಒಂದು ಚಿಕ್ಕ ಸೂಕ್ಷ್ಮವಿದೆ. ಹಬ್‌ನ ತ್ರಿಜ್ಯ 25, ರಿಬ್ ದಪ್ಪ 8 ಎನ್ನಿ. ರಿಬ್‌ನ ಮುಖ ಅಕ್ಷದಿಂದ 4 ಮಿ.ಮೀ ಮುಂದಿರುವುದರಿಂದ ಅದು ಹಬ್ಬನ್ನು ಕೂಡುವುದು ಅಕ್ಷದಿಂದ 25ರಲ್ಲಿ ಅಲ್ಲ. 625ರಿಂದ 16 ಕಳೆದು ವರ್ಗಮೂಲ ತೆಗೆದರೆ ಸಿಗುವ 24.68ರಲ್ಲಿ. ಪಠ್ಯಪುಸ್ತಕದ ಚಿತ್ರಗಳು 25ರಲ್ಲೇ ಗೆರೆ ಎಳೆಯುತ್ತವೆ. ಮೂರನೇ ಒಂದು ಮಿ.ಮೀಗಿಂತ ಕಡಿಮೆಯ ಈ ಅಂತರ, ಹಾಳೆಯ ಮೇಲಿನ 0.5 ಮಿ.ಮೀ ದಪ್ಪದ ಗೆರೆಯೊಳಗೇ ಮುಳುಗಿಹೋಗುತ್ತದೆ. ಕೈಯಲ್ಲಿ ಬರೆಯುವಾಗ ತಲೆ ಕೆಡಿಸಿಕೊಳ್ಳಬೇಡಿ. ಪರದೆಯ ಮೇಲೆ ಅಳೆದಾಗ 24.68 ಬಂದರೆ ಗಾಬರಿಯಾಗಬೇಡಿ, ಅಷ್ಟೆ.

ಸಾಫ್ಟ್‌ವೇರ್‌ಗೆ ರಿಬ್ ಎಂದರೇನು?

ಆಗ ಬಿಟ್ಟ ಮಾತು ಇದು. ಕಂಪ್ಯೂಟರಿನಲ್ಲಿ ಕಟ್ಟುವ ಮೂರು ಆಯಾಮದ ಮಾಡೆಲ್‌ನಲ್ಲಿ ರಿಬ್ ಸೇರಿಸಿದ ಕೂಡಲೇ ಅದು ಉಳಿದ ಘನದೊಂದಿಗೆ ಕರಗಿ ಒಂದಾಗುತ್ತದೆ. ಪ್ಲೇಟ್ ಮುಗಿದು ರಿಬ್ ಆರಂಭವಾಗುವ ಗಡಿ ಹೊರಮೈಯಲ್ಲಿ ಅಂಚಾಗಿ ಉಳಿಯುತ್ತದೆ, ಒಳಗೆ ಅಳಿಸಿಹೋಗುತ್ತದೆ. ಕತ್ತರಿಸಿದಾಗ ಸಾಫ್ಟ್‌ವೇರ್‌ಗೆ ಸಿಗುವುದು ಒಂದೇ ಅಖಂಡ ಪ್ರದೇಶ. ಅದು ಪೂರ್ತಿ ಹ್ಯಾಚ್ ತುಂಬುತ್ತದೆ. ರಿಬ್ ಎಂಬುದು ಆಕಾರದಲ್ಲಿ ಇಲ್ಲ, ನಾವು ಅದನ್ನು ಕಟ್ಟಿದ ಚರಿತ್ರೆಯಲ್ಲಿ ಮಾತ್ರ ಇದೆ.

ಸಾಲಿಡ್‌ವರ್ಕ್ಸ್ ಎಂಬ ಮಾಡೆಲಿಂಗ್ ಸಾಫ್ಟ್‌ವೇರ್ ಆ ಚರಿತ್ರೆಯನ್ನು ಓದಬಲ್ಲದು. ಡ್ರಾಯಿಂಗ್‌ನಲ್ಲಿ ಸೆಕ್ಷನ್ ವ್ಯೂ ಆಯ್ದು ಛೇದಕ ಗೆರೆ ಇಟ್ಟಾಗ, ಭಾಗದಲ್ಲಿ ರಿಬ್ ಇದ್ದರೆ ಸೆಕ್ಷನ್ ಸ್ಕೋಪ್ ಎಂಬ ಚೌಕಟ್ಟು ತೆರೆಯುತ್ತದೆ. ಎಡಗಡೆಯ ಫೀಚರ್ ಮರದಲ್ಲಿ (ಮಾಡೆಲ್ ಕಟ್ಟಿದ ಹೆಜ್ಜೆಗಳ ಪಟ್ಟಿ) ಆ ರಿಬ್ಬನ್ನು ಕ್ಲಿಕ್ ಮಾಡಿದರೆ ಅದು ಹೊರಗುಳಿಯುವವರ ಪಟ್ಟಿಗೆ ಸೇರುತ್ತದೆ. ಹ್ಯಾಚ್ ಮಾಯವಾಗಿ ಗಡಿಗೆರೆ ಬರುತ್ತದೆ. ಆ ಕ್ಷಣದಲ್ಲಿ ಮರೆತರೂ ಪರವಾಗಿಲ್ಲ, ನೋಟದ ಪ್ರಾಪರ್ಟೀಸ್‌ನಲ್ಲಿ ಸೆಕ್ಷನ್ ಸ್ಕೋಪ್ ಟ್ಯಾಬ್ ಆಮೇಲೆಯೂ ಸಿಗುತ್ತದೆ.

ಆದರೆ ಒಂದು ಷರತ್ತು, ಮತ್ತು ಈ ಟಿಪ್ಪಣಿ ಬರೆಯಲು ಕೂತಿದ್ದೇ ಇದಕ್ಕಾಗಿ: ಆ ರಿಬ್ಬನ್ನು ರಿಬ್ ಟೂಲ್‌ನಿಂದಲೇ ಮಾಡಿರಬೇಕು. ತ್ರಿಕೋನದ ಸ್ಕೆಚ್ ಬರೆದು ಎರಡೂ ಕಡೆಗೆ ಐದೈದು ಮಿ.ಮೀ ಎಕ್ಸ್‌ಟ್ರೂಡ್ ಮಾಡಿದರೆ, ಅಂದರೆ ಚಾಚಿ ದಪ್ಪ ಕೊಟ್ಟರೆ, ಕಣ್ಣಿಗೆ ಅದೇ ಆಕಾರ, ತೂಕದಲ್ಲಿ ಅದೇ ಗ್ರಾಂ. ಡ್ರಾಯಿಂಗ್‌ಗೆ ಬಂದಾಗ ಮಾತ್ರ ಸಾಫ್ಟ್‌ವೇರ್ ಅದನ್ನು ರಿಬ್ ಎಂದು ಒಪ್ಪುವುದಿಲ್ಲ. ನಮ್ಮಲ್ಲಿ ಬಹುತೇಕರು ಎಕ್ಸ್‌ಟ್ರೂಡ್ ಅನ್ನೇ ಮೊದಲು ಕಲಿತು ಎಲ್ಲದಕ್ಕೂ ಅದನ್ನೇ ಬಳಸುತ್ತೇವೆ. ರಿಬ್ ಟೂಲ್‌ಗೆ ಮುಚ್ಚಿದ ತ್ರಿಕೋನವೂ ಬೇಡ, ಒಂದು ಓರೆ ಗೆರೆ ಎಳೆದು ದಪ್ಪ ಹೇಳಿದರೆ ಉಳಿದ ಎರಡು ಬದಿಗಳನ್ನು ಅದೇ ಹುಡುಕಿಕೊಳ್ಳುತ್ತದೆ. ಕಡಿಮೆ ಕೆಲಸ, ಆಮೇಲೆ ಕಡಿಮೆ ತೊಂದರೆ. ಮೂಲೆಗಳನ್ನು ದುಂಡಾಗಿಸುವ ಫಿಲೆಟ್‌ಗಳನ್ನು ಕೊನೆಗೆ ಹಾಕುವುದು, ಹಾಕಿದ ಮೇಲೆ ಗಡಿಗೆರೆ ಸರಿಯಾಗಿ ಬಂದಿದೆಯೇ ಎಂದು ಮತ್ತೆ ನೋಡುವುದು ನನ್ನ ಅಭ್ಯಾಸ.

ಇನ್ವೆಂಟರ್ ಎಂಬ ಇನ್ನೊಂದು ಮಾಡೆಲಿಂಗ್ ಸಾಫ್ಟ್‌ವೇರ್‌ನಲ್ಲಿ ಛೇದದಿಂದ ಹೊರಗಿಡುವ ಸೌಲಭ್ಯ ಅಸೆಂಬ್ಲಿಯ (ಜೋಡಣೆಯ) ಬಿಡಿಭಾಗಗಳಿಗೆ ಇದೆ. ಒಂದೇ ಭಾಗದೊಳಗಿನ ರಿಬ್‌ಗೆ ಕೈಕೆಲಸ ಬೇಕು: ಹ್ಯಾಚ್ ಮೇಲೆ ಬಲ ಕ್ಲಿಕ್ ಮಾಡಿ ಅಡಗಿಸಿ, ಆ ನೋಟದ ಮೇಲೆಯೇ ಸ್ಕೆಚ್ ತೆರೆದು, ಅಂಚುಗಳನ್ನು ಪ್ರಾಜೆಕ್ಟ್ ಮಾಡಿ, ರಿಬ್‌ನ ಗಡಿಗೆರೆ ಸೇರಿಸಿ, ಉಳಿದ ಪ್ರದೇಶಕ್ಕೆ ಹ್ಯಾಚ್ ತುಂಬಿಸಬೇಕು. ಬೇಸರದ ಕೆಲಸ, ಆದರೆ ಆಗುತ್ತದೆ.

ಆಟೋಕ್ಯಾಡ್‌ನಲ್ಲಿ ಎರಡು ಆಯಾಮದಲ್ಲಿ ಬರೆಯುವವರಿಗೆ ಈ ಜಗಳವೇ ಇಲ್ಲ. ಗಡಿಗೆರೆ ನಾವೇ ಎಳೆಯುತ್ತೇವೆ, ಹ್ಯಾಚ್ ಆಜ್ಞೆ ಕೊಟ್ಟು ಎಲ್ ಆಕಾರದ ಒಳಗೆ ಕ್ಲಿಕ್ ಮಾಡುತ್ತೇವೆ. ಅಲ್ಲಿಯ ಬಲೆಗಳು ಬೇರೆ. ಆನ್ಸಿ31 ಎಂಬ ಹ್ಯಾಚ್ ಮಾದರಿಯ ಗೆರೆಗಳು ಮೊದಲೇ 45 ಡಿಗ್ರಿ ಓರೆಯಾಗಿವೆ. ಕೋನದ ಜಾಗದಲ್ಲಿ ಸೊನ್ನೆ ಬಿಡಬೇಕು. ಅಲ್ಲಿ 45 ಎಂದು ಬರೆದರೆ ಗೆರೆಗಳು ನೆಟ್ಟಗೆ ನಿಂತುಬಿಡುತ್ತವೆ. ಮೂಲೆಯಲ್ಲಿ ಗೆರೆಗಳು ಕೂಡದೆ ಸಣ್ಣ ಸಂದು ಉಳಿದಿದ್ದರೆ ಗಡಿ ಮುಚ್ಚಿಲ್ಲ ಎಂಬ ದೂರು ಬರುತ್ತದೆ. ಗ್ಯಾಪ್ ಟಾಲರೆನ್ಸ್ ಹೆಚ್ಚಿಸಿ ಅದನ್ನು ದಾಟುವವರಿದ್ದಾರೆ; ಸಂದನ್ನೇ ಮುಚ್ಚುವುದು ಒಳ್ಳೆಯದು.

ಎಲ್ಲ ಸಾಫ್ಟ್‌ವೇರ್‌ಗಳಲ್ಲೂ ನಡೆಯುವ ಒಂದು ಕಳ್ಳದಾರಿ ಇದೆ: ಛೇದಕ ಗೆರೆಯನ್ನೇ ರಿಬ್‌ನ ಹೊರಗೆ ಸರಿಸುವುದು. 10 ಮಿ.ಮೀ ರಿಬ್ ಆದರೆ ನಡುವಿನಿಂದ 5.1 ಮಿ.ಮೀ ಸರಿಸಿದರೆ ಸಾಕು, ರಿಬ್ ಇಡಿಯಾಗಿ ಹಿಂದೆ ನಿಲ್ಲುತ್ತದೆ, ಹ್ಯಾಚ್ ತಾನಾಗಿ ಸರಿಹೋಗುತ್ತದೆ. ಗಡುವಿನ ಹಿಂದಿನ ರಾತ್ರಿ ಇದು ದೇವರು ಕೊಟ್ಟ ವರದಂತೆ ಕಾಣುತ್ತದೆ. ಆದರೆ ಅದೇ ಮಧ್ಯರೇಖೆಯ ಮೇಲೆ 20 ಮಿ.ಮೀ ವ್ಯಾಸದ ತೂತೊಂದಿದ್ದರೆ, 5.1 ಸರಿಸಿದ ಸಮತಲ ಅದನ್ನು ಕಡಿಮೆ ಅಗಲದಲ್ಲಿ ಕತ್ತರಿಸಿ 17.2 ಮಿ.ಮೀ ಎಂದು ತೋರಿಸುತ್ತದೆ. ರಿಬ್ ಉಳಿಸಲು ಹೋಗಿ ತೂತು ಕಳೆದುಕೊಂಡಂತಾಯಿತು. ತೂತುಗಳಿಲ್ಲದ ಭಾಗದಲ್ಲಿ ಮಾತ್ರ ಈ ದಾರಿ ಹಿಡಿಯಿರಿ. ತೂತುಗಳಿದ್ದರೆ ಛೇದಕ ಗೆರೆಯನ್ನು ಮೆಟ್ಟಿಲಿನಂತೆ ಮುರಿದು, ತೂತಿನಲ್ಲಿ ನಡುವೆ, ರಿಬ್‌ನಲ್ಲಿ ಹೊರಗೆ ಹಾಯಿಸಬಹುದು.

ಮೂರು ರಿಬ್‌ಗಳ ಫ್ಲೇಂಜ್

ಫ್ಲೇಂಜ್ ಎಂಬ ದುಂಡು ತಟ್ಟೆಯಂಥ ಭಾಗದಲ್ಲಿ ಹಬ್‌ನ ಸುತ್ತ 120 ಡಿಗ್ರಿ ಅಂತರದಲ್ಲಿ ಮೂರು ರಿಬ್‌ಗಳಿದ್ದರೆ ಇನ್ನೊಂದು ತೊಡಕು. ಒಂದು ರಿಬ್‌ನ ಮೇಲೆ ನೇರ ಛೇದ ಹಾಯಿಸಿದರೆ, ಎದುರು ಬದಿಯಲ್ಲಿ ಸಮತಲದ ಮೇಲೆ ರಿಬ್ ಇರುವುದೇ ಇಲ್ಲ. ಹಿಂದಿನ ರಿಬ್ 60 ಡಿಗ್ರಿ ವಾರೆಯಾಗಿ, ತನ್ನ ಉದ್ದದ ಅರ್ಧಕ್ಕೆ ಕುಗ್ಗಿ ಕಾಣುತ್ತದೆ, 40 ಮಿ.ಮೀ ಇದ್ದದ್ದು 20. ನಿಜವಾದ ಪ್ರಕ್ಷೇಪ ಅದೇ, ಆದರೆ ನೋಡುವವರಿಗೆ ಹಬ್ ಒಂದು ಕಡೆಗೆ ವಾಲಿದಂತಿರುತ್ತದೆ. ಹಾಗಾಗಿ ಎರಡನೆಯ ರಿಬ್ಬನ್ನು ಮನಸ್ಸಿನಲ್ಲೇ ತಿರುಗಿಸಿ ಸಮತಲಕ್ಕೆ ತಂದು, ಎರಡೂ ಬದಿಯಲ್ಲಿ ಪೂರ್ತಿ ಉದ್ದ ತೋರಿಸುವುದು ವಾಡಿಕೆ. ಸಾಲಿಡ್‌ವರ್ಕ್ಸ್‌ನಲ್ಲಿ ಅಲೈನ್ಡ್ ಛೇದ ಆಯ್ದು, ಛೇದಕ ಗೆರೆಯ ಒಂದು ಕಾಲನ್ನು ಮೊದಲ ರಿಬ್‌ನ ಮೇಲೆ, ಇನ್ನೊಂದನ್ನು ಎರಡನೆಯದರ ಮೇಲೆ ಇಟ್ಟರೆ ಈ ತಿರುಗಿಸುವ ಕೆಲಸ ಅದೇ ಮಾಡುತ್ತದೆ. ಎರಡೂ ರಿಬ್‌ಗಳನ್ನು ಹ್ಯಾಚ್‌ನಿಂದ ಹೊರಗಿಡಲು ಮರೆಯಬೇಡಿ.

ಖಾಲಿ ಬಿಟ್ಟರೂ ಗೊಂದಲವಾಗುವ ಸಂದರ್ಭಗಳಿವೆ. ರಿಬ್‌ನ ಮೇಲಂಚು ಗೋಡೆಯ ಮೇಲಂಚಿಗೆ ಸಮನಾಗಿ ನಿಂತಿದ್ದರೆ, ಹ್ಯಾಚ್ ಇಲ್ಲದ ಜಾಗ ಬರಿಯ ಪೊಳ್ಳಿನಂತೆ ಕಾಣಬಹುದು. ಅಮೆರಿಕದ ಎಎಸ್‌ಎಂಇ (ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘ) ಪದ್ಧತಿ ಇದಕ್ಕೊಂದು ನಡುದಾರಿ ಇಟ್ಟಿದೆ: ರಿಬ್‌ನ ಮೇಲೆ ಒಂದು ಬಿಟ್ಟು ಒಂದರಂತೆ ಹ್ಯಾಚ್ ಗೆರೆಗಳನ್ನು ಮುಂದುವರಿಸುವುದು, ಗಡಿಯನ್ನು ಚುಕ್ಕಿಗೆರೆಯಲ್ಲಿ ತೋರಿಸುವುದು. ನಮ್ಮ ತರಗತಿಯ ಪ್ರಶ್ನೆಗಳಲ್ಲಿ ನಾನು ಇದನ್ನು ಕಂಡಿಲ್ಲ. ಬೆಂಗಳೂರಿನಲ್ಲಿ ಕುಳಿತು ಅಮೆರಿಕದ ಗ್ರಾಹಕರಿಗೆ ಡ್ರಾಯಿಂಗ್ ಮಾಡುವ ಕೆಲಸಕ್ಕೆ ಸೇರಿದರೆ ಕೈಗೆ ಬರುವ ಹಾಳೆಗಳಲ್ಲಿ ಇದು ಎದುರಾಗಬಹುದು. ಆಗ ಗೆರೆ ಬಿಟ್ಟುಹೋಗಿದೆ ಎಂದುಕೊಂಡು ನಡುವೆ ಇನ್ನೊಂದು ಎಳೆದು "ಸರಿಪಡಿಸಲು" ಹೋಗಬೇಡಿ.